ಮಗಳು ಸಿವಿಲ್ ಮುಗಿಸಿದ್ದಾಳೆ, ಸೈಟ್ ಕೆಲಸಕ್ಕೆ ಕಳಿಸಬಹುದಾ? ಅನುಭವ ಇದ್ದವರು ಹೇಳಿ

ತುಮಕೂರಿನ ತಾಯಿ: ಮಗಳದ್ದು ಡಿಪ್ಲೊಮಾ ಸಿವಿಲ್ ಆಯ್ತು. ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್ ಸೈಟಲ್ಲಿ ಟ್ರೇನಿ ಕೆಲಸ, 18 ಸಾವಿರ ಸಂಬಳ. ಮನೆಯವರು ಆಫೀಸಲ್ಲಿ ಡ್ರಾಯಿಂಗ್ ಕೆಲಸ ನೋಡು ಅಂತಾರೆ. ಅವಳಿಗೆ ಸೈಟೇ ಬೇಕು.

ಸೈಟ್ ಇಂಜಿನಿಯರ್, ಬೆಂಗಳೂರು: ನಂದು ಹೇಳ್ತೀನಿ ಅಕ್ಕ. ನಮ್ಮ ಸೈಟಲ್ಲಿ ಲೇಡೀಸ್ ಟಾಯ್ಲೆಟ್ ಇತ್ತು. ಒಳಗೆ ಸಿಮೆಂಟ್ ಮೂಟೆ ಜೋಡಿಸಿ ಬೀಗ ಹಾಕಿದ್ದರು. ಮೋಲ್ಡ್ ಹಾಕುವ ದಿನ ಬೆಳಗ್ಗೆಯಿಂದ ರಾತ್ರಿವರೆಗೂ ನೀರೇ ಕುಡಿಯುತ್ತಿರಲಿಲ್ಲ. ಉರಿಮೂತ್ರ ಶುರುವಾಯ್ತು. ಸ್ಕ್ಯಾನಿಂಗ್ 1,200, ಯೂರಿನ್ ಕಲ್ಚರ್ 650, ಮಾತ್ರೆ 900. ಮೇಲೆ ರಜೆಯ ಸಂಬಳವೂ ಹೋಯ್ತು. ಆದರೂ ಬಿಡಲಿಲ್ಲ. ಒಂದ್ಸಲ ಮೇಸ್ತ್ರಿ ಕವರ್ ಬ್ಲಾಕ್, ಅಂದರೆ ಕಂಬಿಯನ್ನು ಎತ್ತಿ ಹಿಡಿಯೋಕೆ ಕೆಳಗಿಡುವ ಸಣ್ಣ ಬಿಲ್ಲೆ, ಅದರ ಬದಲು ಜಲ್ಲಿ ಚೂರು ಇಟ್ಟಿದ್ದ. ಕಾಂಕ್ರೀಟ್ ಲಾರಿ ಗೇಟಲ್ಲಿ ನಿಂತಿತ್ತು. ಎಲ್ಲಾ ತೆಗೆಸಿ ಬ್ಲಾಕ್ ಇಡಿಸಿದ ಮೇಲೇ ಸುರಿಯೋಕೆ ಬಿಟ್ಟೆ. ಅವತ್ತಿಂದ ಮೇಸ್ತ್ರಿ ನನ್ನನ್ನು ಕೇಳದೆ ಕಂಬಿ ಮುಟ್ಟಲ್ಲ.

ಕಂಟ್ರಾಕ್ಟರ್, ದಾವಣಗೆರೆ: ಎಲ್ಲದಕ್ಕೂ ಟಾಯ್ಲೆಟ್ ಅನ್ನಬೇಡಿ ಮೇಡಂ. ನಾನು ಒಬ್ಬಳೇ ಹುಡುಗಿಗೋಸ್ಕರ ಕಟ್ಟಿಸಿದೆ. ಗುಂಡಿ ತೆಗೆಸಿದ್ದು 6,500, ಶೀಟು ಬಾಗಿಲು 14 ಸಾವಿರ, ಟ್ಯಾಂಕು ಪೈಪು 9,800, ಗಾರೆ ಕೂಲಿ ಬೇರೆ. ವರ್ಷ ತುಂಬೋ ಮೊದಲೇ ಮದುವೆ ಅಂತ ಬಿಟ್ಟುಹೋದಳು. ಅವಳಿಗೆ ಲೆವೆಲ್ ಹಿಡಿಯೋದು ಕಲಿಸಿದ್ದು ನಾನು.

ಪ್ರಾಪರ್ಟಿ ಏಜೆಂಟ್, ಮೈಸೂರು: ಗಂಡು ಹುಡುಗರು ಬಿಡಲ್ವಾ ಸರ್? 500 ಜಾಸ್ತಿ ಕೊಟ್ಟರೆ ಪಕ್ಕದ ಸೈಟಿಗೆ ಹೋಗ್ತಾರೆ. ನಾನು ಇರೋದು ಮಾರಾಟದ ಕಡೆ. ಫ್ಲ್ಯಾಟು, ಸೈಟು ಕೊಳ್ಳೋರ ಹಿತ ಕಾಯುವ ರೇರಾ ಕಾಯ್ದೆ 2016ರಲ್ಲಿ ಬಂತು. ರೇರಾ ಪ್ರಾಜೆಕ್ಟ್ ಮಾರಬೇಕಾದರೆ ಏಜೆಂಟಿಗೂ ನೋಂದಣಿ ಬೇಕು. ಬಳೆ ಅಡವಿಟ್ಟು ಫೀಸ್ ಕಟ್ಟಿದೆ. ಲೇಔಟಲ್ಲಿ 30x40 ಸೈಟು, 42 ಲಕ್ಷ. ಎರಡು ಪರ್ಸೆಂಟ್ ಕಮಿಷನ್ ಅಂದರೆ 84 ಸಾವಿರ. ಪಾರ್ಟಿ ಕರೆತಂದಿದ್ದು ನಾನು, ಸೈಟ್ ತೋರಿಸಿದ್ದು ನಾನು. ರಿಜಿಸ್ಟ್ರಿ ದಿನ ಇನ್ನೊಬ್ಬ ಏಜೆಂಟ್ ಬಂದು ಕೂತ. ನನ್ನ ಕೈಗೆ 20 ಸಾವಿರ! ಈಗ ಎಲ್ಲಾ ಬರಹದಲ್ಲಿ ಮಾಡಿಸಿಕೊಳ್ತೀನಿ. ಮಗಳಿಗೂ ಆಫರ್ ಲೆಟರ್ ಇಲ್ಲದೆ ಹೋಗಬೇಡ ಅನ್ನಿ.

ಗಾರೆಯವರ ಮಗಳು, ರಾಯಚೂರು: ಹೆಂಗಸರು ಈ ಕೆಲಸಕ್ಕೆ ಹೊಸದಾಗಿ ಬರಬೇಕು ಅನ್ನೋ ಹಾಗೆ ಮಾತಾಡ್ತಿದ್ದೀರಲ್ಲ. ನಮ್ಮಮ್ಮ ಬಾಂಡ್ಲಿ ಹೊತ್ತೇ ನನ್ನನ್ನು ಓದಿಸಿದ್ದು. ಗಂಡಾಳಿಗೆ 700 ಆದರೆ ಅವಳಿಗೆ 450. ಸಮಾನ ಕೂಲಿಯ ಕಾನೂನು 1976ರಲ್ಲೇ ಬಂದಿತ್ತು. 50ಕ್ಕಿಂತ ಜಾಸ್ತಿ ಹೆಣ್ಣಾಳು ಇದ್ದ ಕಡೆ ಮಕ್ಕಳಿಗೆ ಕೋಣೆ ಇರಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ನಾನು ಮಲಗಿದ್ದು ಮರಳಿನ ಗುಡ್ಡೆ ಪಕ್ಕ. ಅಮ್ಮನಿಗೆ ಕರಣೆ ಹಿಡಿಯೋದು ಯಾರೂ ಕಲಿಸಲಿಲ್ಲ.

ಕಂಟ್ರಾಕ್ಟರ್, ದಾವಣಗೆರೆ: ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ನಾವು ಒಂದು ಪರ್ಸೆಂಟ್ ಸೆಸ್ ಕಟ್ತೀವಮ್ಮ. ಅದು ಎಲ್ಲಿಗೆ ಹೋಗುತ್ತೆ ಅಂತ ಸರ್ಕಾರವನ್ನು ಕೇಳಿ.

ಗಾರೆಯವರ ಮಗಳು, ರಾಯಚೂರು: ಕೂಲಿ ಬಟವಾಡೆ ಮಾಡೋದು ಸರ್ಕಾರ ಅಲ್ಲ, ನೀವು. ನಿಮ್ಮಲ್ಲಿ ಹೆಣ್ಣಾಳಿಗೆ ಎಷ್ಟು ಕೊಡ್ತೀರಿ, ಇಲ್ಲಿ ಬರೀರಿ.

ಕಂಟ್ರಾಕ್ಟರ್, ದಾವಣಗೆರೆ: ಅದು ಮೇಸ್ತ್ರಿ ಲೆಕ್ಕ. ಇಂಜಿನಿಯರ್ ಮೇಡಂಗೆ ಒಂದು ಮಾತು. ಲಾರಿ ನಿಲ್ಲಿಸಿದರೆ ವೇಟಿಂಗ್ ಚಾರ್ಜ್ ಯಾರಪ್ಪ ಕೊಡ್ತಾರೆ? ಸಣ್ಣ ಸ್ಲ್ಯಾಬಿಗೆ ಜಲ್ಲಿ ಚೂರು ನಮ್ಮಪ್ಪನ ಕಾಲದಿಂದ ಇಡ್ತಿದ್ದೀವಿ. ಯಾವ ಮನೆಯೂ ಬಿದ್ದಿಲ್ಲ.

ಸೈಟ್ ಇಂಜಿನಿಯರ್, ಬೆಂಗಳೂರು: ಸರ್, ಆಳು ಕಂಬಿ ಮೇಲೆ ಓಡಾಡಿದರೆ ಜಲ್ಲಿ ಜಾರುತ್ತೆ. ಕಂಬಿ ಸೆಂಟ್ರಿಂಗ್ ಶೀಟಿಗೆ ತಾಗುತ್ತೆ. ಆಮೇಲೆ ತುಕ್ಕು ಹಿಡಿದು ಸೀಲಿಂಗ್ ಉದುರುತ್ತೆ. ಕಂಬಿ ಕೆಳಗೆ 20 ಎಂಎಂ ಕಾಂಕ್ರೀಟ್ ಕವರ್ ಇರಲೇಬೇಕು. ನಿಮ್ಮ ಮುಂದಿನ ಮೋಲ್ಡಿನ ಫೋಟೋ ಹಾಕಿ, ಕಾಂಕ್ರೀಟ್ ಸುರಿಯೋ ಮೊದಲು.