ಈರುಳ್ಳಿ ಸೊಪ್ಪು ಎರಡನೇ ಸಲ ತೆಳ್ಳಗೆ ಬರುತ್ತಿದೆ, ಎಲೆ ಮೇಲೆ ಬೆಳ್ಳಿ ಗೆರೆ ಬೇರೆ. ಏನು ಮಾಡಲಿ?

ಬಾಲ್ಕನಿ ಹಸಿರು:

ನಮಸ್ಕಾರ ಎಲ್ಲರಿಗೂ. ಈರುಳ್ಳಿ ಸೊಪ್ಪಿನ ಬೇರಿನ ತುಂಡುಗಳನ್ನು ಬಿಸಾಡದೆ ಗಾಜಿನ ಲೋಟದಲ್ಲಿ ನೀರು ಹಾಕಿ ಕಿಟಕಿ ಹತ್ತಿರ ಇಟ್ಟಿದ್ದೆ. ಮೊದಲ ಸಲ ಬೇಗ ಚಿಗುರಿತು, ನೋಡೋಕೇ ಖುಷಿ. ಕತ್ತರಿಸಿದ ಮೇಲೆ ಬಂದ ಎಲೆ ಮಾತ್ರ ತೀರಾ ತೆಳ್ಳಗಿದೆ. ನೀರೂ ವಾಸನೆ ಬರುತ್ತಿದೆ.

ಅದೇ ಕಟ್ಟಿನ ಕೆಲವು ತುಂಡುಗಳು ಕುಂಡದಲ್ಲಿವೆ. ಅವು ದಪ್ಪಗಿವೆ, ಆದರೆ ಎಲೆ ಮೇಲೆ ಬೆಳ್ಳಿ ಬಣ್ಣದ ಗೆರೆಗಳು ಬಿದ್ದಿವೆ, ತುದಿ ಹಳದಿಯಾಗಿ ಒಣಗುತ್ತಿದೆ. ನೀರು ಕಡಿಮೆಯಾಯಿತೋ ಜಾಸ್ತಿಯಾಯಿತೋ ಗೊತ್ತಾಗುತ್ತಿಲ್ಲ. ಎಲೆಯನ್ನು ಎಲ್ಲಿವರೆಗೆ ಕತ್ತರಿಸಬೇಕು? ಇಲ್ಲಾ ಬೀಜ ಹಾಕಿ ಮೊದಲಿಂದ ಶುರು ಮಾಡುವುದೇ ಒಳ್ಳೆಯದಾ?

ಹಿತ್ತಲ ಮಣ್ಣು:

ನನಗೆ ಬಹಳ ಇಷ್ಟದ ಗಿಡ ಇದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಈರುಳ್ಳಿ ಎಲೆ ಬೆಳೆಯುವುದು ತುದಿಯಿಂದ ಅಲ್ಲ, ಬುಡದಿಂದ. ಇದೊಂದು ತಿಳಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಬೇಕಿದ್ದರೆ ಒಂದು ಎಳೆ ಎಲೆಯನ್ನು ಅರ್ಧಕ್ಕೆ ಕತ್ತರಿಸಿ ಬಿಡಿ. ಕೆಲವು ದಿನದಲ್ಲಿ ಎಲೆ ಉದ್ದವಾಗಿರುತ್ತದೆ, ಆದರೆ ಕತ್ತರಿಸಿದ ಮೊಂಡು ತುದಿ ಹಾಗೇ ಇರುತ್ತದೆ. ಕೆಳಗೆ ಹುಟ್ಟಿದ ಹೊಸ ಭಾಗ ಅದನ್ನು ಮೇಲಕ್ಕೆ ತಳ್ಳಿರುತ್ತದೆ. ಬಿಳಿ ಭಾಗವನ್ನು ಅಡ್ಡಕ್ಕೆ ಕುಯ್ದು ನೋಡಿ. ಉಂಗುರದೊಳಗೆ ಉಂಗುರ, ನಟ್ಟನಡುವೆ ಒಂದು ಎಳೆ ಹಳದಿ ಚುಕ್ಕೆ. ಅದೇ ಮುಂದಿನ ಎಲೆ. ಹೊಸ ಎಲೆ ಯಾವಾಗಲೂ ಹಳೆ ಎಲೆಯ ಒಳಗಿನಿಂದಲೇ ಬರುತ್ತದೆ. ತೀರಾ ಕೆಳಗೆ, ಬೇರು ಹೊರಡುವ ಜಾಗದಲ್ಲಿ, ಗಟ್ಟಿಯಾದ ಒಂದು ಸಣ್ಣ ಬಿಲ್ಲೆ ಇದೆ. ಗಿಡದ ನಿಜವಾದ ಕಾಂಡ ಅದೇ. ಅದು ಚೆನ್ನಾಗಿದ್ದರೆ ಗಿಡ ಮತ್ತೆ ಮತ್ತೆ ಚಿಗುರುತ್ತದೆ.

ಹಾಗಾಗಿ ಮಣ್ಣಿನ ಮೇಲೆ 4-5 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ನಾನಂತೂ ಇಡೀ ಗಿಡ ಸವರುವುದೇ ಕಡಿಮೆ. ಹೊರಗಿನ ಒಂದೆರಡು ಎಲೆ ತೆಗೆದುಕೊಂಡು ಒಳಗಿನವನ್ನು ಬಿಡುತ್ತೇನೆ. ಎಲೆ ಉಳಿದರೆ ತಾನೇ ಅದು ಬಿಸಿಲು ಹಿಡಿದು ಆಹಾರ ಮಾಡಿಕೊಳ್ಳುವುದು?

ಲೋಟದ ವಿಷಯವೂ ಇದೇ. ಬರೀ ನೀರಿನಲ್ಲಿ ಗಿಡ ಬಿಳಿ ಭಾಗದಲ್ಲಿ ಕೂಡಿಟ್ಟಿದ್ದನ್ನು ಖರ್ಚು ಮಾಡಿಕೊಂಡು ಚಿಗುರುತ್ತದೆ. ಸಾರಜನಕ, ಗಂಧಕ ಅದಕ್ಕೆ ಅಲ್ಲಿ ಸಿಗುವುದು ತೀರಾ ಕಡಿಮೆ. ಒಂದು ಸಲ ಚೆನ್ನಾಗಿ ಬರುತ್ತದೆ, ಆಮೇಲೆ ಸೊರಗುತ್ತದೆ. ಇವತ್ತೇ ಅವನ್ನು ಮಣ್ಣಿಗೆ ಹಾಕಿ. ಲೋಳೆಯಾದ ಹೊರಪದರ ಸುಲಿದು ಬಿಲ್ಲೆಯನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಬದುಕುತ್ತದೆ, ಮೆತ್ತಗಾಗಿದ್ದರೆ ಬಿಟ್ಟುಬಿಡಿ. ಮುಂದೆ ಲೋಟದಲ್ಲಿ ಇಡುವುದಾದರೆ ಬೇರು ಮಾತ್ರ ಮುಳುಗಲಿ, 1-2 ಸೆಂಟಿಮೀಟರ್ ನೀರು ಸಾಕು. ದಿನ ಬಿಟ್ಟು ದಿನ ಬದಲಿಸಿ. ಬೇರು ಚೆನ್ನಾಗಿ ಬಿಟ್ಟ ಕೂಡಲೇ ಕುಂಡಕ್ಕೆ ಸಾಗಿಸಿ.

ಇನ್ನು ಬೆಳ್ಳಿ ಗೆರೆ. ಅದು ನೀರಿನ ತೊಂದರೆ ಅನಿಸುತ್ತಿಲ್ಲ, ಥ್ರಿಪ್ಸ್ ನುಸಿ ಇರಬೇಕು. ಅದು ಎಲೆಯ ಮೇಲ್ಪದರ ಕೆರೆದು ರಸ ಹೀರುತ್ತದೆ. ಖಾಲಿಯಾದ ಜಾಗದಲ್ಲಿ ಗಾಳಿ ತುಂಬಿ ಹಾಗೆ ಹೊಳೆಯುತ್ತದೆ. ಮೇಲೆ ಹುಡುಕಿದರೆ ಸಿಗುವುದು ಕಷ್ಟ. ಎರಡು ಎಲೆ ಕೂಡುವ ಸಂದಿಯನ್ನು ಮೆಲ್ಲಗೆ ಬಿಡಿಸಿ ನೋಡಿ. ಸುಮಾರು 1 ಮಿಲಿಮೀಟರ್ ಉದ್ದದ ತಿಳಿ ಹಳದಿ ಹುಳುಗಳು, ಪಕ್ಕದಲ್ಲಿ ಅವುಗಳ ಹಿಕ್ಕೆಯ ಕಪ್ಪು ಚುಕ್ಕೆ ಕಂಡರೆ ಅದೇ.

ತುದಿ ಹಳದಿ ಆಗಲು ಬೇರೆ ಕಾರಣಗಳೂ ಇವೆ. ಹೊರಗಿನ ಹಳೆ ಎಲೆ ಮಾತ್ರ ಆಗಿದ್ದರೆ ಅದು ವಯಸ್ಸು, ಕಿತ್ತು ಹಾಕಿ. ಎಲ್ಲ ಎಲೆಯ ತುದಿಯೂ ಆಗಿದ್ದರೆ ಮಣ್ಣು ಮುಟ್ಟಿ ನೋಡಿ. ಈರುಳ್ಳಿ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ, ಕವಲು ಕಡಿಮೆ. ಮೇಲೆ ಒಣಗಿದರೆ ಬೇಗ ಬಾಡುತ್ತದೆ, ನೀರು ನಿಂತರೆ ಬೇಗ ಕೊಳೆಯುತ್ತದೆ. ಬೆರಳಿನ ಮೊದಲ ಗೆಣ್ಣಿನವರೆಗೆ ಒಣಗಿದಾಗ ನೀರು ಕೊಡಿ, ಬೆಳಿಗ್ಗೆ, ಬುಡಕ್ಕೆ. ಎಲೆ ರಾತ್ರಿಯೆಲ್ಲ ಒದ್ದೆ ಇದ್ದರೆ ನೇರಳೆ ಮಚ್ಚೆ ರೋಗ ಬರುವ ಸಾಧ್ಯತೆ ಜಾಸ್ತಿ.

ಬೀಜದ ಡಬ್ಬಿ:

ಮೇಲಿನವರು ಬೀಜದ ಬಗ್ಗೆ ಹೇಳಲಿಲ್ಲ, ನಾನು ಹೇಳುತ್ತೇನೆ. ಬೀಜದಿಂದ ಬೆಳೆಸಿ, ಆದರೆ ಈಗಿನ ಗಿಡ ಕಿತ್ತು ಹಾಕಬೇಡಿ, ಎರಡೂ ಇರಲಿ.

ಬಂಚಿಂಗ್ ಆನಿಯನ್ ಅಂತ ಬರುವ ಬೀಜ ತೆಗೆದುಕೊಳ್ಳಿ. ಅದು ಸಾಮಾನ್ಯವಾಗಿ ಅಲಿಯಂ ಫಿಸ್ಟುಲೋಸಮ್ ಅನ್ನುವ ಬೇರೆಯದೇ ಜಾತಿ. ದೊಡ್ಡ ಗಡ್ಡೆ ಕಟ್ಟುವುದಿಲ್ಲ, ಬುಡದಲ್ಲಿ ಮರಿ ಒಡೆದು ಗುಂಪಾಗುತ್ತದೆ, ವರ್ಷಗಟ್ಟಲೆ ಇರುತ್ತದೆ. ನಾವು ದಿನಾ ಬಳಸುವ ಗಡ್ಡೆ ಈರುಳ್ಳಿ ಅಲಿಯಂ ಸೀಪಾ. ಎಲೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಗುರುತು ಸಿಗುತ್ತದೆ. ಫಿಸ್ಟುಲೋಸಮ್ ಎಲೆ ಪೂರ್ತಿ ದುಂಡು, ಸೀಪಾದ್ದು ಒಂದು ಬದಿ ಚಪ್ಪಟೆ.

ಈರುಳ್ಳಿ ಬೀಜ ಬೇಗ ಹಳತಾಗುತ್ತದೆ. ಒಂದೆರಡು ವರ್ಷ ಕಳೆದರೆ ಮೊಳೆಯುವುದು ತುಂಬಾ ಕಡಿಮೆಯಾಗುತ್ತದೆ, ಪೊಟ್ಟಣದ ಮೇಲಿನ ದಿನಾಂಕ ನೋಡಿಯೇ ತೆಗೆದುಕೊಳ್ಳಿ. 1 ಸೆಂಟಿಮೀಟರ್ ಆಳ ಸಾಕು. ಮೊಳಕೆಗೆ ಒಂದರಿಂದ ಎರಡು ವಾರ. ಅದು ನೆಟ್ಟಗೆ ಬರುವುದಿಲ್ಲ, ಮೊಣಕಾಲು ಮಡಿಸಿದ ಹಾಗೆ ಬಾಗಿಕೊಂಡು ಏಳುತ್ತದೆ, ತುದಿ ಇನ್ನೂ ಮಣ್ಣಿನೊಳಗಿನ ಬೀಜದಲ್ಲೇ ಸಿಕ್ಕಿರುತ್ತದೆ. ದಯವಿಟ್ಟು ಎಳೆದು ಬಿಡಿಸಬೇಡಿ. ತಾನಾಗೇ ಬಿಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ತುದಿಯಲ್ಲಿ ಕಪ್ಪು ಸಿಪ್ಪೆ ಅಂಟಿಕೊಂಡೇ ಮೇಲೆ ಬರುತ್ತದೆ. ಆಗ ಎಷ್ಟು ಮುದ್ದಾಗಿರುತ್ತದೆ ಗೊತ್ತಾ! ಕತ್ತರಿಸಲು ಎರಡು ಮೂರು ತಿಂಗಳು ಕಾಯಬೇಕು.

ಬಾಲ್ಕನಿ ಹಸಿರು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಂದಿ ಬಿಡಿಸಿ ನೋಡಿದೆ. ಹಳದಿ ಹುಳುಗಳು ಇವೆ, ಬೆಳಕು ಬಿದ್ದ ಕೂಡಲೇ ಇನ್ನೂ ಒಳಗೆ ಓಡಿದವು. ಕಪ್ಪು ಚುಕ್ಕೆಯೂ ಇದೆ. ಔಷಧಿ ಏನು? ಎಲೆ ತಿನ್ನುವುದರಿಂದ ಕೆಮಿಕಲ್ ಬೇಡ ಅನಿಸುತ್ತದೆ. ಇನ್ನೊಂದು ಗಿಡದಲ್ಲಿ ನಡುವೆ ಗಟ್ಟಿ ಕಡ್ಡಿಯೊಂದು ಬಂದಿದೆ, ತುದಿಯಲ್ಲಿ ಉಬ್ಬಿದ ಮೊಗ್ಗು. ಬಿಡಲಾ, ತೆಗೆಯಲಾ?

ಹಿತ್ತಲ ಮಣ್ಣು:

ಮೊದಲು ಬರೀ ನೀರು. ಕುಂಡವನ್ನು ಓರೆ ಮಾಡಿ ಹಿಡಿದು ಸಂದಿಯೊಳಗೆ ಹೋಗುವ ಹಾಗೆ ಜೋರಾಗಿ ನೀರು ಬಿಡಿ, ಎರಡು ಮೂರು ದಿನಕ್ಕೊಮ್ಮೆ. ಬೆಳಿಗ್ಗೆಯೇ ಮಾಡಿ, ಎಲೆ ಬೇಗ ಒಣಗಲಿ. ಸ್ವಲ್ಪ ಕುಂಡಕ್ಕೆ ಇಷ್ಟರಲ್ಲೇ ಹತೋಟಿಗೆ ಬರುತ್ತದೆ. ಬರಲಿಲ್ಲ ಅಂದರೆ ಬೇವಿನ ಎಣ್ಣೆ, ಡಬ್ಬಿ ಮೇಲೆ ಹೇಳಿದ ಅಳತೆಯಲ್ಲಿ. ಅದಕ್ಕೆ ಕೆಲವು ಹನಿ ದ್ರವ ಸೋಪು ಸೇರಿಸಲೇಬೇಕು. ಈರುಳ್ಳಿ ಎಲೆಗೆ ಮೇಣದ ಪದರ ಇದೆ, ಸೋಪಿಲ್ಲದೆ ಎಷ್ಟು ಸಿಂಪಡಿಸಿದರೂ ಹನಿ ಹನಿಯಾಗಿ ಉರುಳಿ ಹೋಗುತ್ತದೆ. ಬಿಸಿಲು ಇಳಿದ ಮೇಲೆ ಸಿಂಪಡಿಸಿ. ತೀರಾ ಗೆರೆ ಬಿದ್ದ ಎಲೆಗಳನ್ನು ಕತ್ತರಿಸಿ ದೂರ ಹಾಕಿ, ಕುಂಡದ ಬುಡದಲ್ಲಿ ಬಿಡಬೇಡಿ. ಬಿಸಿ ಹೆಚ್ಚಾಗಿ ಗಾಳಿ ಒಣಗಿದಾಗ ಈ ನುಸಿ ಬೇಗ ಹೆಚ್ಚುತ್ತದೆ, ಆ ಕಾಲದಲ್ಲಿ ವಾರಕ್ಕೊಮ್ಮೆಯಾದರೂ ಸಂದಿ ನೋಡುತ್ತಿರಿ.

ಆ ಕಡ್ಡಿ ಹೂವಿನದು. ಎಲೆ ಬೇಕಿದ್ದರೆ ಮೊಗ್ಗು ಬಿರಿಯುವ ಮೊದಲೇ ಬುಡದಲ್ಲಿ ಕತ್ತರಿಸಿ, ಇಲ್ಲದಿದ್ದರೆ ಗಿಡ ತನ್ನ ಶಕ್ತಿಯನ್ನೆಲ್ಲ ಬೀಜಕ್ಕೆ ಹಾಕುತ್ತದೆ. ಜಾಸ್ತಿ ಗಿಡ ಇದ್ದರೆ ಒಂದನ್ನು ಬಿಡಿ, ಜೇನು ಬರುತ್ತದೆ.

ಹಾಂ, ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಕುಂಡ ಎತ್ತರದಲ್ಲಿಡಿ. ಈರುಳ್ಳಿಯ ಯಾವ ಭಾಗ ತಿಂದರೂ ಅವುಗಳ ಕೆಂಪು ರಕ್ತಕಣಗಳು ಹಾಳಾಗುತ್ತವೆ. ಕತ್ತರಿಸಿದ ಚೂರುಗಳೂ ನೆಲದಲ್ಲಿ ಬೀಳದಂತೆ ನೋಡಿಕೊಳ್ಳಿ.