ಮೂರನೇ ಸಿಲಿಂಡರ್ ಮತ್ತು ಭಾವನ ಫಾರ್ವರ್ಡ್

ಭಾವ: (ಫಾರ್ವರ್ಡ್) ಎಂಜಿನ್ ಮಿಸ್ ಹೊಡೆಯುತ್ತಿದೆಯಾ? ಸ್ಕ್ಯಾನರ್‌ನಲ್ಲಿ ಪಿ0303 ಅನ್ನುವ ದೋಷದ ಕೋಡ್ ಬಂದರೆ ಮೂರನೇ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ಹೋಗಿದೆ ಅಂತಲೇ ಅರ್ಥ. ಬೇರೇನೂ ನೋಡಬೇಡಿ. ಬದಲಿಸಿ, ಮರೆತುಬಿಡಿ. ಎಲ್ಲರಿಗೂ ಕಳಿಸಿ!!

ಭಾವ: ನಮ್ಮ ಕಾರಿಗೂ ಇದೇ ಕೋಡ್. ನಿನ್ನೆ ಪ್ಲಗ್, ಕಾಯಿಲ್ ಎರಡೂ ಹೊಸದು ಹಾಕಿಸಿದೆ.

ನಾನು: ಮಿಸ್ಸಿಂಗ್ ನಿಂತಿತಾ ಭಾವ?

ಭಾವ: ಸ್ವಲ್ಪ ಕಡಿಮೆ ಆದ ಹಾಗಿದೆ.

ಅಕ್ಕ: ಏನೂ ಕಡಿಮೆ ಆಗಿಲ್ಲ ಕಣೋ. ಇವತ್ತೂ ಏರಿನಲ್ಲಿ ಗಡಗಡ ನಡುಗಿತು. ಆ ಹಳದಿ ಎಂಜಿನ್ ದೀಪ ಬೇರೆ ಮಿಟುಕುತ್ತಿತ್ತು.

ನಾನು: ದೀಪ ಸುಮ್ನೆ ಉರಿಯುವುದು ಬೇರೆ, ಮಿಟುಕುವುದು ಬೇರೆ ಅಕ್ಕ. ಮಿಟುಕಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಅಂತ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಸುಟ್ಟು ಹಾಕುತ್ತದೆ. ಸರಿಯಾಗುವ ತನಕ ಆ ಕಾರು ಓಡಿಸಬೇಡಿ.

ನಾನು: ಆ ಫಾರ್ವರ್ಡ್ ಬಗ್ಗೆ ಒಂದು ಮಾತು. ಪಿ0303 ಅಂದರೆ ಮೂರನೇ ಸಿಲಿಂಡರ್‌ನಲ್ಲಿ ಸರಿಯಾಗಿ ಉರಿಯುತ್ತಿಲ್ಲ ಅಂತ, ಅಷ್ಟೇ. ಮನೆ ಯಾವುದು ಅಂತ ತೋರಿಸುತ್ತದೆ, ಕಳ್ಳ ಯಾರು ಅಂತ ಹೇಳುವುದಿಲ್ಲ. ಕಾಯಿಲ್ ಇರಬಹುದು, ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಸಿಲಿಂಡರ್ ಒಳಗಿನ ಒತ್ತಡ ಅಂದರೆ ಕಂಪ್ರೆಷನ್, ವೈರಿಂಗ್, ಯಾವುದೂ ಇರಬಹುದು.

ಭಾವ: ಮೆಕ್ಯಾನಿಕ್ ಕೂಡ ಕಾಯಿಲ್ ಅಂತಲೇ ಹೇಳಿದ. ಈಗ ಇಂಜೆಕ್ಟರ್ ನೋಡೋಣ ಅನ್ನುತ್ತಿದ್ದಾನೆ.

ನಾನು: ಆಮೇಲೆ ಎಂಜಿನ್ ಕಂಪ್ಯೂಟರ್ ಬದಲಿಸೋಣ ಅನ್ನುತ್ತಾನೆ. ಭಾವ, ಹತ್ತು ನಿಮಿಷದ ಕೆಲಸ. ಮೂರನೆಯದರ ಹೊಸ ಕಾಯಿಲ್ ತೆಗೆದು ಒಂದನೆಯದಕ್ಕೆ ಹಾಕಿ, ಒಂದನೆಯದರದ್ದು ಮೂರಕ್ಕೆ. ಕೋಡ್ ಅಳಿಸಿ, ನಿಂತಲ್ಲೇ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ. ಕೋಡ್ ಪಿ0301, ಅಂದರೆ ಒಂದನೇ ಸಿಲಿಂಡರ್‌ದು ಆದರೆ ಕಾಯಿಲ್‌ದೇ ತಪ್ಪು, ನಾನೇ ಸೋತೆ. ಮತ್ತೆ ಪಿ0303 ಬಂದರೆ ಕಾಯಿಲ್ ಪಾಪ.

ಮಾವ: ನಮ್ಮ ಕಾಲದಲ್ಲಿ ಪ್ಲಗ್ ಬಿಚ್ಚಿ ಉಜ್ಜಿದರೆ ಮುಗಿಯುತ್ತಿತ್ತು. ಅಳಿಯಂದಿರೇ, ಇತ್ತೀಚೆಗೆ ಎಂಜಿನ್ ಮೇಲೆ ಜೋರಾಗಿ ನೀರು ಹೊಡೆಸಿದ್ದೀರಾ?

ಭಾವ: ಇಲ್ಲ ಮಾವ.

ಅಕ್ಕ: ಹೋದ ತಿಂಗಳು ಪ್ರೆಷರ್ ಪೈಪ್‌ನಲ್ಲಿ ತೊಳೆಸಿ ಇದೇ ಗ್ರೂಪಿಗೆ ಫೋಟೋ ಹಾಕಿದ್ದಿರಲ್ಲ ರೀ, ಎಂಜಿನ್ ಕನ್ನಡಿ ಹಾಗಿದೆ ಅಂತ.

ಮಾವ: 🙂

ನಾನು: ಮಾವ, ನೀವು ಸರಿಯಾದ ಕಡೆಗೇ ಕೈ ಹಾಕಿದಿರಿ. ಭಾವ, ಆ ಮೂರನೇ ಕಾಯಿಲ್‌ಗೆ ವೈರ್ ಸಿಕ್ಕಿಸುವ ಕಪ್ಲರ್ ಒಳಗೆ ಟಾರ್ಚ್ ಬಿಟ್ಟು ಒಂದು ಫೋಟೋ ಕಳಿಸಿ. ಬ್ಯಾಟರಿ ನೆಗೆಟಿವ್ ಮೊದಲು ಬಿಚ್ಚಿ. ವೈರ್ ಹಿಡಿದು ಎಳೆಯಬೇಡಿ, ಲಾಕ್ ಒತ್ತಿ ತೆಗೆಯಿರಿ.

(ಮರುದಿನ)

ಭಾವ: ಅದಲು ಬದಲು ಮಾಡಿದೆ. ಮತ್ತೆ ಪಿ0303. ಫೋಟೋ ನೋಡು. ಪಿನ್ ಮೇಲೆ ಏನೋ ಹಸಿರು ಇದೆ, ಆದರೆ ಚೂರೇ ಚೂರು.

ಅಕ್ಕ: ತಾಮ್ರದ ಪಾತ್ರೆಗೆ ಹಿಡಿಯುವ ಕಿಲುಬಿನ ಹಾಗಿದೆ.

ನಾನು: ಹಾಗಿದೆ ಅಲ್ಲ ಅಕ್ಕ, ಅದೇ ಕಿಲುಬು. ರಬ್ಬರ್ ಸೀಲ್ ಕೂಡ ಒಂದು ಕಡೆ ಹರಿದಿದೆ, ನೋಡಿ. ನೀರು ಒಳಗೆ ಹೋಗುವುದಕ್ಕೆ ಅಷ್ಟು ಸಾಕು.

ಭಾವ: ಮಲ್ಟಿಮೀಟರ್ ಇಟ್ಟು ನೋಡಿದೆನಪ್ಪ. ವೈರ್ ಈ ತುದಿಯಿಂದ ಆ ತುದಿಗೆ ಬೀಪ್ ಅನ್ನುತ್ತದೆ. ಓಮ್ಸ್ ಕೂಡ ಹೆಚ್ಚುಕಮ್ಮಿ ಸೊನ್ನೆ. ಅಂದರೆ ವೈರ್ ಸರಿ ಇದೆ. ಅಲ್ಲದೆ ವೈರ್ ಕೆಟ್ಟಿದ್ದರೆ ಪಿ0353 ಬರಬೇಕಿತ್ತು, ಅದು ಕಾಯಿಲ್ ಸರ್ಕ್ಯೂಟ್ ಕೋಡ್. ನಾನೂ ಓದಿಕೊಂಡಿದ್ದೇನೆ.

ನಾನು: ಓದಿದ್ದು ಸರಿ. ಆದರೆ ಆ ಕೋಡ್ ಸಾಮಾನ್ಯವಾಗಿ ಬರುವುದು ವೈರ್ ಪೂರ್ತಿ ಕಡಿದಾಗ ಅಥವಾ ಶಾರ್ಟ್ ಆದಾಗ. ಅರ್ಧಂಬರ್ಧ ಕೆಟ್ಟಿದ್ದು ಎಷ್ಟೋ ಸಲ ಕಂಪ್ಯೂಟರ್ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನು ಆ ಬೀಪ್. ಮೀಟರ್ ಪರೀಕ್ಷೆಗೆ ಬಿಡುವ ಕರೆಂಟ್ ತೀರಾ ಕಡಿಮೆ. ವೈರ್ ಒಳಗಿನ ಎಳೆ ಎಲ್ಲ ಹೋಗಿ ಒಂದೇ ಒಂದು ಉಳಿದಿದ್ದರೂ ಬೀಪ್ ಅನ್ನುತ್ತದೆ. ಕಾಯಿಲ್ ಕೇಳುವುದು ಹಲವು ಆಂಪಿಯರ್. ಬ್ಯಾಟರಿ ಕರೆಂಟ್ ಹರಿಯುವ ಅದರ ಪ್ರೈಮರಿ ಸುತ್ತಿನ ರೋಧವೇ ಎಷ್ಟೋ ಕಾರುಗಳಲ್ಲಿ 1 ಓಮ್‌ಗಿಂತ ಕಡಿಮೆ, ಅಂಥ ಕಡೆ ಕಿಲುಬಿನಿಂದ ಅರ್ಧ ಓಮ್ ಸೇರಿಕೊಂಡರೆ ಕಾಯಿಲ್ ಪೂರ್ತಿ ತುಂಬುವ ಮೊದಲೇ ಸ್ಪಾರ್ಕ್ ಬಿಡುವ ಹೊತ್ತು ಬಂದುಬಿಡುತ್ತದೆ. ಕಾಯಿಲ್‌ನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ. ಕರೆಂಟ್ ನೂರಕ್ಕೆ 80 ಆದರೆ ಶಕ್ತಿ 64ಕ್ಕೆ ಇಳಿಯಿತು.

ಅಕ್ಕ: ಅದಕ್ಕೇನಾ ಏರಿನಲ್ಲಿ ಮಾತ್ರ?

ನಾನು: ಅದಕ್ಕೇ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಕಿಡಿ ಹಾರುವುದಕ್ಕೆ ವೋಲ್ಟೇಜ್ ಕೂಡ ಜಾಸ್ತಿ ಬೇಕು. ಸಮತಟ್ಟಿನಲ್ಲಿ ಸೊರಗಿದ ಸ್ಪಾರ್ಕ್ ಹೇಗೋ ನಡೆದುಹೋಗುತ್ತದೆ.

ಮಾವ: ಇಷ್ಟೆಲ್ಲ ಯಾಕೆ? ಮರಳು ಕಾಗದದಲ್ಲಿ ಉಜ್ಜಿ, ಗ್ರೀಸ್ ಮೆತ್ತಿದರೆ ಆಯಿತು.

ನಾನು: ಬೇಡ ಮಾವ! ಪಿನ್ ಮೇಲೆ ತೆಳು ತವರದ ಲೇಪ ಇರುತ್ತದೆ, ಉಜ್ಜಿದರೆ ಅದು ಹೋಗಿ ಕಿಲುಬು ಇನ್ನೂ ಬೇಗ ಬರುತ್ತದೆ. ಮಾಮೂಲಿ ಗ್ರೀಸ್‌ಗೆ ಕೆಲವು ರಬ್ಬರ್ ಉಬ್ಬಿ ಹಾಳಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪೂರ್ತಿ ಒಣಗಿಸಿ, ಸಿಲಿಕೋನ್ ಗ್ರೀಸ್ ಸೀಲ್‌ಗೆ ತೆಳುವಾಗಿ ಸವರಿದರೆ ಸಾಕು. ಅದು ಕರೆಂಟ್ ಹರಿಸುವುದಿಲ್ಲ, ನೀರನ್ನು ತಡೆಯುತ್ತದೆ ಅಷ್ಟೇ.

(ಎರಡು ದಿನ ಬಿಟ್ಟು)

ಭಾವ: ಕ್ಲೀನರ್ ಹೊಡೆದೆ. ಒಂದು ದಿನ ಬೆಣ್ಣೆ ಹಾಗೆ ಓಡಿತು. ಇವತ್ತು ಮತ್ತೆ ಅದೇ ಕಥೆ. ನಿನ್ನ ಕಿಲುಬಿನ ಸಿದ್ಧಾಂತ ಬಿತ್ತು. ನಾಳೆ ಇಂಜೆಕ್ಟರ್.

ನಾನು: ಒಂದು ದಿನ ಸರಿ ಹೋಯಿತು ಅಂದರೆ ಬಿದ್ದಿಲ್ಲ, ಅರ್ಧ ಗೆದ್ದಿದೆ ಭಾವ. ಇಂಜೆಕ್ಟರ್‌ಗೆ ಮೊದಲು ಇದೊಂದು. ಕಪ್ಲರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಕಾಯಿಲ್‌ಗೆ 12 ವೋಲ್ಟ್ ಬರುವ ಪಿನ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಒಂದು 21 ವ್ಯಾಟ್ ಬಲ್ಬ್ ಹಾಕಿ. ಪಿನ್ ಯಾವುದು ಅಂತ ಮೊದಲು ಮೀಟರ್‌ನಲ್ಲೇ ಗುರುತಿಸಿ, ಇನ್ನೊಂದು ಪಿನ್‌ಗೆ ಬಲ್ಬ್ ಹಾಕಿ ಕಂಪ್ಯೂಟರ್ ಸುಡಬೇಡಿ. ಬಲ್ಬ್ ಉರಿಯುವಾಗ ಆ ಪಿನ್‌ನ ವೋಲ್ಟ್ ಅಳೆಯಿರಿ. ಪಕ್ಕದ ಎರಡನೇ ಕಪ್ಲರ್‌ನಲ್ಲೂ ಹಾಗೇ ಮಾಡಿ. ದಪ್ಪ ಮೀಟರ್ ಮೊನೆ ಒಳಗೆ ತುರುಕಬೇಡಿ, ಪಿನ್ ಅಗಲವಾದರೆ ಅದೇ ಹೊಸ ರೋಗ.

ಭಾವ: ಎರಡನೆಯದು 12.1. ಮೂರನೆಯದು 10.7. ಬಲ್ಬ್ ಕೂಡ ಮಂಕು.

ಭಾವ: ಬಲ್ಬ್ ತೆಗೆದರೆ ಎರಡರಲ್ಲೂ 12.3 ತೋರಿಸುತ್ತದೆ!! ಇದೇನು ಮೋಸ?

ನಾನು: ಇದೇ ನಾನು ಇಷ್ಟು ದಿನ ಬಾಯಿ ಬಡಿದುಕೊಂಡಿದ್ದು. ಹೊರೆ ಹೊರಿಸಿದಾಗ ಮಾತ್ರ ಬಣ್ಣ ಬಯಲು. ಈಗ ಆ ವೈರ್‌ನ ಪ್ಲಾಸ್ಟಿಕ್ ಹೊದಿಕೆಯನ್ನು ಕಪ್ಲರ್ ಹಿಂದೆಯೇ ಸ್ವಲ್ಪ ಸೀಳಿ.

ಭಾವ: ಒಳಗೆಲ್ಲ ಹಸಿರು, ಕಪ್ಪು. ಎಳೆಗಳು ಕೈಯಲ್ಲೇ ಪುಡಿಯಾಗುತ್ತಿವೆ. ಎರಡು ಇಂಚು ಹಾಗೇ ಹೋಗಿದೆ.

ನಾನು: ನೀರು ಎಳೆಗಳ ಸಂದಿಯಲ್ಲಿ ಹತ್ತಿಕೊಂಡು ಹೋಗುತ್ತದೆ, ಬತ್ತಿಗೆ ಎಣ್ಣೆ ಏರಿದ ಹಾಗೆ. ತುದಿಯ ಪಿನ್ ತೊಳೆದರೆ ಒಂದು ದಿನ ಮರ್ಯಾದೆ ಉಳಿಯಿತು ಅಷ್ಟೇ. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ವೈರ್ ಸಮೇತ ಬರುವ ಹೊಸ ಕಪ್ಲರ್ ಕ್ರಿಂಪ್ ಮಾಡಿಸಿ, ಅಂದರೆ ಲೋಹದ ತೋಳಿನಲ್ಲಿ ಒತ್ತಿ ಜೋಡಿಸಿ. ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ, ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ಬರೀ ಟೇಪ್ ಸುತ್ತಿದರೆ ನಾನು ಈ ಗ್ರೂಪ್ ಬಿಡುತ್ತೇನೆ.

(ವಾರ ಕಳೆದು)

ಅಕ್ಕ: ಅದೇ ಏರು, ನಾಲ್ಕು ಜನ, ಎಸಿ ಆನ್. ನಡುಗಲಿಲ್ಲ.

ಭಾವ: ಒಪ್ಪಿದೆ. ಆದರೆ ಕಾಯಿಲ್ ಕೂಡ ಹಳೆಯದಾಗಿತ್ತು, ಬದಲಿಸಿದ್ದು ಒಳ್ಳೆಯದೇ ಆಯಿತು.

ನಾನು: ಹಾಗಾದರೆ ಹಳೆಯ ಕಾಯಿಲ್ ವಾಪಸ್ ಮೂರಕ್ಕೆ ಹಾಕಿ ಒಂದು ಸುತ್ತು ಹೋಗಿ ಬನ್ನಿ ಭಾವ, ಗೊತ್ತಾಗುತ್ತದೆ.

ಮಾವ: ಹಾಕಿ, ಹಾಕಿ.

ಭಾವ: ಅದನ್ನು ಎಲ್ಲಿ ಇಟ್ಟಿದ್ದೇನೋ ನೆನಪಿಲ್ಲ.

ಅಕ್ಕ: ಡಿಕ್ಕಿಯಲ್ಲೇ ಇದೆ ರೀ.