ಪದಚರ್ಚೆ: ಮನೆಯ ಬಾಯ್ಲರು ‘ಓವರ್‌ಸೈಜ್ಡ್’ ಆಗಿದೆ ಎನ್ನುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಲೀಡ್ಸ್‌ನಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವ ಗ್ಯಾಸ್ ಬಾಯ್ಲರುಗಳ ಬಗ್ಗೆ, ಇಲ್ಲಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗಾಗಿ, ಅದರಲ್ಲೂ ಮಕ್ಕಳ ಮನೆಗೆ ಬಂದು ಹಗಲೆಲ್ಲ ಒಳಗೇ ಇರುವ ಹಿರಿಯರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಶುಕ್ರವಾರ ಅದು ಅಚ್ಚಿಗೆ ಹೋಗಬೇಕು. ‘ನಿಮ್ಮ ಬಾಯ್ಲರು ಓವರ್‌ಸೈಜ್ಡ್ ಆಗಿದೆಯೇ?’ ಎಂಬ ಶೀರ್ಷಿಕೆಯಲ್ಲಿಯೇ ಸಿಕ್ಕಿಕೊಂಡಿದ್ದೇನೆ. ‘ಅತಿಗಾತ್ರದ ಬಾಯ್ಲರು’ ಎಂದು ಬರೆದು ನಮ್ಮ ಅತ್ತೆಯವರಿಗೆ ಓದಿ ಹೇಳಿದಾಗ ಅವರು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಪೆಟ್ಟಿಗೆಯನ್ನು ನೋಡಿ, ‘ಇದೇನು ಅಷ್ಟು ದೊಡ್ಡದಿಲ್ಲವಲ್ಲಮ್ಮ, ಪಕ್ಕದ ಕಪಾಟಿನಷ್ಟೇ ಇದೆ’ ಎಂದರು. ಅವರ ಮಾತು ಸರಿ. ಇಲ್ಲಿ ‘ಸೈಜ್’ ಎಂದರೆ ಪೆಟ್ಟಿಗೆಯ ಅಳತೆಯಲ್ಲ, ಶಾಖ ಕೊಡುವ ಶಕ್ತಿ. 24, 30, 35 ಕಿಲೋವಾಟಿನ ಮಾದರಿಗಳು ಎಷ್ಟೋ ಸಲ ಒಂದೇ ಅಳತೆಯ ಪೆಟ್ಟಿಗೆಯಲ್ಲಿ ಬರುತ್ತವೆ.

ಇಂತಹ ಬಾಯ್ಲರಿನ ಲಕ್ಷಣಕ್ಕೆ ಇಂಗ್ಲಿಷಿನಲ್ಲಿ ‘ಶಾರ್ಟ್ ಸೈಕ್ಲಿಂಗ್’ ಎನ್ನುತ್ತಾರೆ. ಅದಕ್ಕೂ ಒಂದು ಮಾತು ಬೇಕು. ನಮ್ಮ ಮನೆಯದನ್ನು ಕಳೆದ ವಾರ ಗಡಿಯಾರ ಹಿಡಿದು ಗಮನಿಸಿದೆ. ಉರಿ ಹೊತ್ತಿಕೊಂಡ ಎರಡೂವರೆ ನಿಮಿಷಕ್ಕೆ ಆರಿತು, ನಾಲ್ಕು ನಿಮಿಷ ಸುಮ್ಮನಿದ್ದು ಮತ್ತೆ ‘ಟಿಕ್ ಟಿಕ್’ ಎಂದು ಹೊತ್ತಿಕೊಂಡಿತು. ಬೆಳಗಿನ ಏಳರಿಂದ ಎಂಟರೊಳಗೆ ಒಂಬತ್ತು ಸಲ ಹೀಗಾಯಿತು.

ಮೈಸೂರಿನಿಂದ:

‘ಅತಿ’, ‘ಗಾತ್ರ’ ಎರಡೂ ಸಂಸ್ಕೃತದವು, ‘ಬಾಯ್ಲರು’ ಇಂಗ್ಲಿಷಿನದು. ಮೂರು ಪದಗಳಲ್ಲಿ ಒಂದಾದರೂ ನಮ್ಮದು ಬೇಡವೆ? ಉಡು–ಉಡುಗೆ, ತೊಡು–ತೊಡುಗೆ, ಅಡು–ಅಡುಗೆ ಎಂಬ ದಾರಿಯಲ್ಲಿಯೇ ಕುದಿ–ಕುದಿಗೆ ಎಂದು ಬಾಯ್ಲರಿಗೆ ಹೆಸರಿಡಬಹುದು. ಹಿರಿದಾದ ದಾರಿ ಹೆದ್ದಾರಿಯಾದಂತೆ, ಹಿರಿದಾದ ಮರ ಹೆಮ್ಮರವಾದಂತೆ, ಹಿರಿದಾದ ಕುದಿಗೆ ‘ಹೆಗ್ಗುದಿಗೆ’ ಆಗುತ್ತದೆ. ಒಂದೇ ಪದದಲ್ಲಿ ಕೆಲಸ ಮುಗಿಯಿತು.

ತುಮಕೂರಿನಿಂದ:

ಮೈಸೂರಿನವರ ಸಂಧಿಯಲ್ಲಿ ತಪ್ಪಿಲ್ಲ, ಅರ್ಥದಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು, ಈ ಯಂತ್ರ ನೀರನ್ನು ಕುದಿಸುವುದೇ ಇಲ್ಲ. ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರುಗಳಿಗೆ ಹೋಗುವ ನೀರು ಸಾಮಾನ್ಯವಾಗಿ 60–70 ಡಿಗ್ರಿ ಇರುತ್ತದೆ. ಇಂಗ್ಲೆಂಡಿನಲ್ಲಿ 2005ರಿಂದ ಬಹುತೇಕ ಕಡ್ಡಾಯವಾಗಿರುವ ಕಂಡೆನ್ಸಿಂಗ್ ಬಾಯ್ಲರುಗಳಲ್ಲಂತೂ ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದಾಗ ಮಾತ್ರ ಹೊಗೆಯಲ್ಲಿನ ಆವಿ ನೀರಾಗಿ, ತನ್ನಲ್ಲಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಬಿಸಿ, ಬೆಚ್ಚಗೆ, ಕುದಿ ಎಂಬ ಮೂರನ್ನೂ ಬೇರೆ ಬೇರೆಯಾಗಿ ಕಾಣುವ ಭಾಷೆಯಲ್ಲಿ ಹೊಸದಾಗಿ ಪದ ಕಟ್ಟುವವರು ಇಂಗ್ಲಿಷಿನ ಹಳೆಯ ತಪ್ಪನ್ನು ಏಕೆ ಹೊತ್ತು ತರಬೇಕು?

ಎರಡನೆಯದು ಇನ್ನೂ ಮುಖ್ಯವಾದದ್ದು. ಹೆದ್ದಾರಿ, ಹೆಮ್ಮರ, ಹೆಗ್ಗುರುತು ಎಂಬಲ್ಲಿ ಹಿರಿಮೆಯಿದೆ, ದೋಷವಿಲ್ಲ. ಇಲ್ಲಿ ಬಾಯ್ಲರು ದೊಡ್ಡದು ಎಂಬುದು ವಿಷಯವೇ ಅಲ್ಲ, ಅದು ಒಂದು ಮನೆಗೆ ಹೆಚ್ಚಾಯಿತು ಎಂಬುದು ವಿಷಯ. ಪ್ರಶ್ನೆ ಕೇಳಿದವರು ಲೆಕ್ಕ ಮಾಡಿ ನೋಡಲಿ. ಹೊರಗೆ ದಿನವಿಡೀ ಸರಾಸರಿ ಸೊನ್ನೆ ಡಿಗ್ರಿ, ಒಳಗೆ 20 ಡಿಗ್ರಿ ಇದ್ದ ದಿನ, ಸ್ನಾನ ಮತ್ತು ಅಡುಗೆಯದನ್ನು ಕಳೆದು ಮೀಟರಿನಲ್ಲಿ 15 ಘನಮೀಟರ್ ಗ್ಯಾಸ್ ಓಡಿತೆನ್ನೋಣ. ಒಂದು ಘನಮೀಟರಿಗೆ ಸುಮಾರು 11 ಯೂನಿಟ್‌ನಂತೆ (ಯೂನಿಟ್ ಎಂದರೆ ಒಂದು ಕಿಲೋವಾಟ್-ಗಂಟೆ) 165 ಯೂನಿಟ್. ನೂರಕ್ಕೆ ತೊಂಬತ್ತರಷ್ಟು ಮನೆಗೆ ಸೇರಿದರೆ 148. ಅದನ್ನು 24 ಗಂಟೆಗೆ ಹಂಚಿದರೆ 6.2 ಕಿಲೋವಾಟ್. ಮೈನಸ್ 3 ಡಿಗ್ರಿಯ ಕೊರೆಯುವ ಚಳಿಗೂ 7 ಕಿಲೋವಾಟ್ ಆಸುಪಾಸು ಸಾಕು. ಗೋಡೆಯ ಮೇಲಿರುವುದು 30 ಕಿಲೋವಾಟಿನದಾದರೆ, ಅದು ನಾಲ್ಕು ಪಟ್ಟು.

ಹಾಗೆಂದು ಅದನ್ನು ಹಾಕಿಸಿದವರು ಲೆಕ್ಕ ತಪ್ಪಿದರೆನ್ನಲೂ ಆಗದು. ಅದೇ ಬಾಯ್ಲರು ತೊಟ್ಟಿಯಿಲ್ಲದೆ ನೇರವಾಗಿ ಸ್ನಾನದ ನೀರನ್ನೂ ಕಾಯಿಸುವಂಥದ್ದಾದರೆ, 10 ಡಿಗ್ರಿಯ ನೀರನ್ನು ನಿಮಿಷಕ್ಕೆ 12 ಲೀಟರಿನಂತೆ 45 ಡಿಗ್ರಿಗೆ ಏರಿಸಲು 29 ಕಿಲೋವಾಟ್ ಬೇಕೇ ಬೇಕು. ಬಚ್ಚಲಿಗೆ ಸರಿಯಾದದ್ದು ಕೋಣೆಗಳಿಗೆ ಹೆಚ್ಚಾಗಿದೆ. ಹೊರಗೆ 10 ಡಿಗ್ರಿ ಇರುವ ದಿನ ಆ ಮನೆಗೆ ಬೇಕಾದದ್ದು 3 ಕಿಲೋವಾಟ್. ಉರಿಯನ್ನು ಎಷ್ಟು ತಗ್ಗಿಸಿದರೂ 7ಕ್ಕಿಂತ ಕೆಳಗಿಳಿಯದ ಬಾಯ್ಲರು ಹೊತ್ತಿ ಆರದೆ ಇನ್ನೇನು ಮಾಡೀತು? ಆದ್ದರಿಂದ ಕೊಳ್ಳುವಾಗ ಗರಿಷ್ಠದ ಜೊತೆಗೆ ಈ ಕನಿಷ್ಠವನ್ನೂ ಕೇಳಬೇಕೆಂದು ಕೈಪಿಡಿಯಲ್ಲಿ ದಯವಿಟ್ಟು ಸೇರಿಸಿ.

ಇದಕ್ಕೆ ಚತುರ್ಥಿ ವಿಭಕ್ತಿ ಇಲ್ಲದೆ ಗತ್ಯಂತರವಿಲ್ಲ. ‘ಯಾವುದಕ್ಕೆ’ ಹೆಚ್ಚು ಎಂಬುದನ್ನು ಇಂಗ್ಲಿಷ್ ಒಂದು ಪೂರ್ವಪ್ರತ್ಯಯದ ಹಿಂದೆ ಅಡಗಿಸಿಬಿಡುತ್ತದೆ, ನಮ್ಮ ‘-ಗೆ’, ‘-ಕ್ಕೆ’ ಅದನ್ನು ಬಾಯಿಬಿಟ್ಟು ಹೇಳಿಸುತ್ತವೆ. ನಮ್ಮ ಕಡೆ ಎರಡಿಂಚು ನೀರಿನ ಬೋರ್‌ವೆಲ್ಲಿಗೆ ಹತ್ತು ಎಚ್‌ಪಿ ಮೋಟರು ಇಳಿಸಿದರೆ ನೀರು ಹತ್ತು ನಿಮಿಷ ರಭಸವಾಗಿ ಬಂದು ಆಮೇಲೆ ‘ಗ್ಯಾಪ್ ಹೊಡೆಯುತ್ತದೆ’. ಆಗ ಯಾವ ರೈತರೂ ‘ಅತಿಗಾತ್ರದ ಮೋಟರು’ ಎನ್ನುವುದಿಲ್ಲ. ‘ಈ ಬೋರಿಗೆ ಈ ಮೋಟರು ಜಾಸ್ತಿಯಾಯಿತು’ ಎನ್ನುತ್ತಾರೆ. ಅದೇ ದಾರಿಯಲ್ಲಿ ‘ಮನೆಗೆ ಹೆಚ್ಚಾದ ಬಾಯ್ಲರು’ ಎನ್ನಿ. ‘ಶಾರ್ಟ್ ಸೈಕ್ಲಿಂಗ್’ ಎಂಬ ಲಕ್ಷಣಕ್ಕೆ, ನೀವೇ ವಿವರಿಸಿರುವಂತೆ ‘ಪದೇ ಪದೇ ಹೊತ್ತಿ ಆರುವುದು’ ಎನ್ನಿ.

ಬೆಳಗಾವಿಯಿಂದ:

ಹೆಚ್ಚಾದ ಎಂಬುದು ಸಪ್ಪೆ. ಮೈಗೆ ಸರಿಹೊಂದದ ಅಂಗಿಯನ್ನು ದೊಗಳೆ ಎನ್ನುತ್ತೇವೆ. ‘ದೊಗಳೆ ಬಾಯ್ಲರು’ ಎಂದರೆ ಮೈಗೂ ಅಂಗಿಗೂ ಇರುವ ಸಂಬಂಧವೇ ಕಣ್ಣಿಗೆ ಕಟ್ಟುತ್ತದೆ. ಬಾಯ್ಲರು ಎಂಬುದಕ್ಕೆ ನಮ್ಮಲ್ಲಿ ‘ಬಂಬ’ ಎಂಬ ಮಾತಿದೆ, ಅದು ಮರಾಠಿಯಲ್ಲೂ ಉಂಟು. ಇಂಗ್ಲಿಷಿನಿಂದ ತರುವುದಕ್ಕಿಂತ ನೆರೆಯವರ ಜೊತೆ ಹಂಚಿಕೊಂಡ ಪದ ಮೇಲು.

ಮೈಸೂರಿನಿಂದ, ಮತ್ತೆ:

ದೊಗಳೆ ಬಟ್ಟೆಯ ಮಾತು, ಕಬ್ಬಿಣಕ್ಕೆ ಸಲ್ಲದು. ಮರಾಠಿಯಾದರೂ ಎರವಲು ಎರವಲೇ. ಕುದಿಯ ವಿಷಯದಲ್ಲಿ ತುಮಕೂರಿನವರು ಹೇಳಿದ್ದನ್ನು ಒಪ್ಪುತ್ತೇನೆ, ‘ಕುದಿಗೆ’ಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಕಾಯ್ ಎಂಬ ಧಾತು ಕಾಸು, ಕಾವು ಎಂದು ಇಂದಿಗೂ ನಮ್ಮ ನಾಲಗೆಯ ಮೇಲಿದೆ, ತಮಿಳಿನಲ್ಲೂ ಇದೆ. ‘ಕಾಸುಪೆಟ್ಟಿಗೆ’ ಎನ್ನಲು ಏನು ಅಡ್ಡಿ?

ತುಮಕೂರಿನಿಂದ, ಮತ್ತೆ:

ಕಾಸು ಎಂದರೆ ದುಡ್ಡೂ ಹೌದು ಎಂಬುದೇ ಅಡ್ಡಿ. ಕಾಸುಪೆಟ್ಟಿಗೆ ಎಂದು ಓದಿದವರು ಹುಂಡಿಯನ್ನು ನೆನೆಯುತ್ತಾರೆ. ತಾಮ್ರದ ಬಾಯ್ಲರಿನಲ್ಲಿ ಸೌದೆ ಹಾಕಿ ಮೂರು ತಲೆಮಾರು ಮಿಂದವರ ಮನೆಮಾತಾಗಿರುವ ‘ಬಾಯ್ಲರು’ ಎಂಬ ಪದವನ್ನು ಎರವಲೆಂದು ಹೊರಗೆ ನಿಲ್ಲಿಸುವುದು ನನಗೆ ಸಮ್ಮತವಿಲ್ಲ.

ಲೀಡ್ಸ್‌ನಿಂದ:

ಎಲ್ಲರಿಗೂ ಕೃತಜ್ಞತೆಗಳು. ‘ದೊಗಳೆ’ ನನಗೆ ಬಹಳ ಹಿಡಿಸಿತು, ಆದರೆ ಶೀರ್ಷಿಕೆಗೆ ಅದನ್ನು ಇಡುವ ಧೈರ್ಯ ಬರಲಿಲ್ಲ. ಒಳಗೆ, ಹೋಲಿಕೆಯಾಗಿ ಬಳಸುತ್ತೇನೆ. ಶೀರ್ಷಿಕೆ ಹೀಗೆ ಹೋಗುತ್ತಿದೆ: ‘ನಿಮ್ಮ ಬಾಯ್ಲರು ನಿಮ್ಮ ಮನೆಗೆ ಹೆಚ್ಚಾಯಿತೇ?’ ಅತ್ತೆಯವರಿಗೆ ಓದಿ ಹೇಳಿದೆ. ಈ ಸಲ ಅವರು ಪೆಟ್ಟಿಗೆಯ ಕಡೆ ನೋಡಲಿಲ್ಲ. ‘ಹೆಚ್ಚಾಗಿದ್ದರೆ ಗ್ಯಾಸು ದಂಡವೇ?’ ಎಂದು ಕೇಳಿದರು. ಅದಕ್ಕೆ ಉತ್ತರ ಎರಡನೆಯ ಪುಟದಲ್ಲಿದೆ.